ಪಾಸ್ಟರ್‌ಗಳಿಗೆಲ್ಲ ವಿದೇಶದಿಂದ ಸಂಬಳ ಬರುತ್ತದೆಯೇ?

ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಪಾಸ್ಟರ್‌ಗಳಿಗೆಲ್ಲ ವಿದೇಶದಿಂದ ಗುಟ್ಟಾಗಿ ಸಂಬಳ ಬರುತ್ತದೆ ಎಂಬ ಮೆಸೇಜು ಶಿವಮೊಗ್ಗ, ಸಾಗರ ಕಡೆಯ ಗ್ರೂಪುಗಳಲ್ಲೂ ಸುತ್ತುತ್ತಿರುತ್ತದೆ. ಇದು ಸರಿಯಲ್ಲ. ಬ್ಯಾಪ್ಟಿಸ್ಟರಲ್ಲಿ ಒಂದೊಂದು ಸಭೆಯೂ, ಅಂದರೆ ಊರಿನ ಒಂದೊಂದು ಚರ್ಚೂ, ಸ್ವತಂತ್ರ. ಪಾಸ್ಟರನ್ನು ಆರಿಸುವುದು ಸದಸ್ಯರೇ; ಸಂಬಳವೂ ಸಾಮಾನ್ಯವಾಗಿ ಅವರ ಕಾಣಿಕೆಯಿಂದಲೇ. ಸಭೆ ಚಿಕ್ಕದಾದರೆ ಕಾಣಿಕೆಯೂ ಕಡಿಮೆ. ಹಾಗಾಗಿ ಬೇರೆ ಕೆಲಸ ಮಾಡಿಕೊಂಡೇ ಸಭೆ ನೋಡಿಕೊಳ್ಳುವ ಪಾಸ್ಟರ್‌ಗಳೂ ಇದ್ದಾರೆ. ಅವರ ಈ ಕಷ್ಟ ಮೆಸೇಜಿನಲ್ಲಿ ಕಾಣುವುದೇ ಇಲ್ಲ, ಅದೇ ಬೇಸರ.

ವಿದೇಶಿ ನೆರವು ಪಡೆಯುವ ಸಂಸ್ಥೆಗಳೂ ಇವೆ, ಆದರೆ ಗುಟ್ಟಾಗಿ ಅಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಗೇ ಬರಬೇಕು. ಲೆಕ್ಕಪತ್ರವನ್ನು ಸಂಸ್ಥೆಯ ಇಲ್ಲವೇ ಸರ್ಕಾರ ಸೂಚಿಸಿದ ವೆಬ್‌ಸೈಟಿನಲ್ಲಿ ಹಾಕಬೇಕು.

ಮೆಸೇಜು ಬಂದರೆ ಯಾವ ಸಭೆ, ಯಾವ ವರ್ಷ, ಎಷ್ಟು ಹಣ ಅಂತ ನೋಡಿ. ಹೆಸರಿದ್ದರೆ ಆ ಲೆಕ್ಕಪತ್ರ ಹುಡುಕಿ. ಕಳಿಸಿದವರು ಪರಿಚಯದವರೇ ಅಲ್ವಾ, ಜಗಳ ಬೇಡ. ಈ ಮೂರನ್ನು ಸಮಾಧಾನವಾಗಿ ಕೇಳಿ.