ತಂಗಿಯ ಜುಟ್ಟು ಎಳೆದಿದ್ದಕ್ಕೆ ಚಪ್ಪಾಳೆ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಅನ್ಯಾಯ ನಡೆಯಿತು. ಏಳು ವರ್ಷದ ಮಗ ನಾಲ್ಕು ವರ್ಷದ ತಂಗಿಯ ಜುಟ್ಟು ಹಿಡಿದು ಎಳೆದ. ಅವಳು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು. ನಾನು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದು ನೋಡಿದೆ. ನೋಡಿ, ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ.

ಅತ್ತೆ ನನ್ನನ್ನೇ ದಿಟ್ಟಿಸಿದರು. "ಏನಮ್ಮಾ, ಆ ಮಗು ಅಳ್ತಾ ಇದೆ, ನೀನು ಚಪ್ಪಾಳೆ ಹೊಡೀತಿದ್ದೀಯಲ್ಲ!"

ಹೇಳ್ತೀನಿ ಇರಿ.

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ನಮ್ಮಂಥ ಅಪ್ಪ ಅಮ್ಮಂದಿರ ಬಾಯಲ್ಲಿ ಬರೀ 'ಸಿಪಿ'. ಹುಟ್ಟಿದ ಕೂಡಲೇ ಅವನು ಅಳಲಿಲ್ಲ. ಆಗ ಮೆದುಳಿಗೆ ಬಿದ್ದ ಪೆಟ್ಟು ಹೆಚ್ಚೂ ಆಗಲ್ಲ, ವಾಸಿಯೂ ಆಗಲ್ಲ. ಆದರೆ ಮಗು ಬೆಳೆದ ಹಾಗೆ ಕೈಕಾಲು ಬಿಗಿಯುತ್ತಾ ಹೋಗುತ್ತವೆ, ದಿನಾ ಎಳೆದು ಸಡಿಲ ಮಾಡುತ್ತಿರಬೇಕು. ಇವನ ಬಲಗೈ ಯಾವಾಗಲೂ ಮುಷ್ಟಿ. ಹೆಬ್ಬೆರಳು ಆ ಮುಷ್ಟಿಯ ಒಳಗೆ ಅಡಗಿ ಕೂತಿರುತ್ತದೆ. ಅದನ್ನು ಹೊರಗೆ ತರಿಸಲು ಓಟಿ (ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಕ್ಕೆ ಕೈ ಪಳಗಿಸೋ ಥೆರಪಿ) ಮೇಡಂ ಒಂದೂವರೆ ವರ್ಷದಿಂದ ಅವನ ಕೈಯಲ್ಲಿ ಕಡಲೆಕಾಳು ಹೆಕ್ಕಿಸಿ ಬಾಟಲಿಗೆ ಹಾಕಿಸುತ್ತಿದ್ದಾರೆ. ಮನೆಯಲ್ಲಿ ನಾನು ಚಪಾತಿ ಹಿಟ್ಟು ಚಿವುಟಿಸುತ್ತೇನೆ, ಬಟ್ಟೆ ಕ್ಲಿಪ್ಪು ಒತ್ತಿಸುತ್ತೇನೆ. ಅವನಿಗೆ ಕಡಲೆಕಾಳಿನ ಮೇಲೆ ಎಳ್ಳಷ್ಟೂ ಆಸಕ್ತಿ ಇಲ್ಲ.

ಆ ಭಾನುವಾರ ತಂಗಿ ಅವನ ಬಿಸ್ಕತ್ತು ಕಿತ್ತುಕೊಂಡಿದ್ದಳು. ನಾನು ಬಂದಾಗ ಅವನ ಬಲಗೈಯಲ್ಲಿ ಅವಳ ಕೆಂಪು ರಬ್ಬರ್‌ಬ್ಯಾಂಡು, ಅದರ ಜೊತೆ ನಾಲ್ಕೈದು ಕೂದಲು. ಬೆರಳುಗಳು ಮಡಚಿಕೊಂಡಿದ್ದವು. ಹೆಬ್ಬೆರಳು ಮಾತ್ರ ಹೊರಗಿತ್ತು! ರಬ್ಬರ್‌ಬ್ಯಾಂಡನ್ನು ಮೇಲಿನಿಂದ ಒತ್ತಿ ಹಿಡಿದುಕೊಂಡಿತ್ತು. ಒಂದೂವರೆ ವರ್ಷ ಕಡಲೆಕಾಳು ಮಾಡದ ಕೆಲಸವನ್ನು ಒಂದು ಬಿಸ್ಕತ್ತು ಮಾಡಿತ್ತು.

"ಸದ್ಯ!" ಅಂದೆ. ಆಮೇಲೆ ಚಿಕ್ಕವಳನ್ನು ಎತ್ತಿಕೊಂಡು ಸಮಾಧಾನ ಮಾಡಿದೆ. ಅವನಿಗೆ ಬೈದೆ ಕೂಡ, ಆದರೆ ಬೈಗುಳದಲ್ಲಿ ದಮ್ಮಿರಲಿಲ್ಲ. ಅದು ಅವನಿಗೂ ಗೊತ್ತಾಯಿತು ಅನ್ಸುತ್ತೆ, ನಗುತ್ತಲೇ ಇದ್ದ.

ಈ 'ಸದ್ಯ' ಅನ್ನೋ ಮಾತಿನ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದು. ಕೃತಜ್ಞತೆ ಅನ್ನೋ ಪದ ನಮ್ಮ ಮನೆಯಲ್ಲಿ ಯಾರೂ ಬಳಸಲ್ಲ. ಅದು ವಂದನಾರ್ಪಣೆ ಭಾಷಣಕ್ಕೆ ಮೀಸಲು. ನಾವು ಹೇಳೋದು ಸದ್ಯ. ಸದ್ಯ, ಕರೆಂಟ್ ಬಂತು. ಸದ್ಯ, ಜ್ವರ ಇಳೀತು. ಸದ್ಯ, ಇವತ್ತು ಅನ್ನ ನೆತ್ತಿಗೆ ಹತ್ತಲಿಲ್ಲ.

ಆದರೆ ಇನ್ನೊಂದು ಸದ್ಯ ಇದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಎರಡು ವರ್ಷದ ಹಿಂದೆ ಮಂಡ್ಯದ ಹತ್ತಿರ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಪಾಯಸ ತಿನ್ನಿಸುತ್ತಿದ್ದೆ. ಎದುರು ಸಾಲಿನಲ್ಲಿದ್ದ ದೂರದ ನೆಂಟರೊಬ್ಬರು ತಮ್ಮ ಮಗನಿಗೆ ಹೇಳಿದರು: "ನೋಡು, ಆ ಅಣ್ಣನಿಗೆ ಪಾಪ ನಡೆಯೋಕೇ ಆಗಲ್ಲ. ನೀನು ಸ್ಕೂಲಿಗೆ ಹೋಗು ಅಂದ್ರೆ ಅಳ್ತೀಯ." ಹೇಳಿ ನನ್ನ ಕಡೆ ತಿರುಗಿ ಮರುಕದ ಒಂದು ನಗೆ ನಕ್ಕರು. ಕೆಟ್ಟವರೇನಲ್ಲ ಅವರು. ಹೊರಡುವಾಗ ಮಗನ ಕೈಗೆ ಐನೂರು ರೂಪಾಯಿ ಕೊಟ್ಟರು, ನನ್ನ ಬ್ಯಾಗನ್ನು ಕಾರಿನವರೆಗೂ ತಂದುಕೊಟ್ಟರು. ಆದರೆ ಆ ಹೊತ್ತಿನಲ್ಲಿ ನನ್ನ ಮಗ ಅವರಿಗೆ ಒಂದು ಮಗು ಆಗಿರಲಿಲ್ಲ. ತಮ್ಮ ಅದೃಷ್ಟ ಎಷ್ಟಿದೆ ಅಂತ ಅಳೆದುಕೊಳ್ಳೋ ಸ್ಕೇಲಾಗಿದ್ದ. ಅವನು ಪಾಯಸದಲ್ಲಿದ್ದ ದ್ರಾಕ್ಷಿಯನ್ನು ಮಾತ್ರ ಉಗಿದು ಉಳಿದದ್ದನ್ನು ನುಂಗುವ ಕಲೆ ಕಲಿತಿದ್ದ ದಿನ ಅದು. ಅದನ್ನು ಯಾರೂ ನೋಡಲಿಲ್ಲ.

"ದೇವರು ಇಂಥ ಮಕ್ಕಳನ್ನ ಗಟ್ಟಿ ಇರೋ ಅಪ್ಪ ಅಮ್ಮನಿಗೇ ಕೊಡ್ತಾನೆ" ಅನ್ನೋದೂ ಇದೇ ಜಾತಿಯ ಮಾತು. ನಾನು ಗಟ್ಟಿ ಇರಲಿಲ್ಲ. ಈಗಲೂ ಅಂಥ ಗಟ್ಟಿ ಏನಿಲ್ಲ. ಹೋದ ಬುಧವಾರ ಒಂದು ಕಾಲುಚೀಲ ಸಿಗಲಿಲ್ಲ ಅಂತ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.

ಹಾಗಂತ ನಾನೇನೂ ಸಾಚಾ ಅಲ್ಲ. ನಾವು ಮೈಸೂರಿನವರು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ, ಊರವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. ಅಲ್ಲಿಗೆ ಮಗನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವನಿಗೆ ಎರಡು ವರ್ಷ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದಾಕೆಯ ಮಡಿಲಲ್ಲಿ ಐದಾರು ವರ್ಷದ ಹುಡುಗಿ. ಕುತ್ತಿಗೆ ನಿಂತಿರಲಿಲ್ಲ. ನನ್ನ ಮಗನಿಗೆ ಆಗಲೇ ಕುತ್ತಿಗೆ ನಿಂತಿತ್ತು. ಸದ್ಯ, ಅಂದುಕೊಂಡೆ. ಮಂಡ್ಯದ ಆ ನೆಂಟರು ಅಂದುಕೊಂಡ ಅದೇ ಸದ್ಯ. ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿ, "ನಿಮ್ಮ ಮಗುಗೆ ನಿದ್ದೆ ಸರಿ ಬರುತ್ತಾ? ನಮ್ಮವಳು ರಾತ್ರಿ ಎಲ್ಲ ಎದ್ದಿರ್ತಾಳೆ" ಅಂದರು. ಮಾತು ಶುರುವಾಯಿತು. ಬಳ್ಳಾರಿ ಕಡೆಯವರು, ಥೆರಪಿಗೋಸ್ಕರ ಇಲ್ಲೇ ಒಂದು ರೂಮು ಬಾಡಿಗೆಗೆ ಹಿಡಿದು ಇದ್ದರು. ಗಂಡ ಊರಲ್ಲಿ. ನೀರನ್ನು ಲೋಟದಲ್ಲಿ ಕುಡಿಸುವಾಗ ಮಗುವಿನ ತಲೆ ಹಿಂದಕ್ಕೆ ವಾಲಬಾರದು, ಗಲ್ಲ ಸ್ವಲ್ಪ ಕೆಳಗಿರಬೇಕು, ಆಗ ನೆತ್ತಿಗೆ ಹತ್ತೋದು ಕಮ್ಮಿ ಅಂತ ನನಗೆ ಮೊದಲು ತೋರಿಸಿಕೊಟ್ಟಿದ್ದು ಆಕೆ. ಆ ಹುಡುಗಿಗೆ ಬಳೆ ಸದ್ದು ಕೇಳಿದರೆ ನಗು ಬರುತ್ತಿತ್ತು. ನನ್ನ ಬಳೆ ಅಲ್ಲಾಡಿಸಿ ಅಲ್ಲಾಡಿಸಿ ನಾನೂ ನಗಿಸಿದೆ. ಆವತ್ತು ಬಸ್ಸಲ್ಲಿ ವಾಪಸ್ ಬರುವಾಗ ನನ್ನ ಬಗ್ಗೆ ನನಗೇ ಬೇಜಾರಾಗಿತ್ತು.

ಬಸ್ಸು ಅಂದ ಕೂಡಲೇ ನೆನಪಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನನಗೆ ಬಸ್ಸು ಫ್ರೀ. ವಾರಕ್ಕೆ ನಾಲ್ಕು ಸಲ ಥೆರಪಿ, ಪ್ರತಿ ಸಲ ಎರಡು ಬಸ್ಸು ಬದಲಿಸಬೇಕು ಅನ್ನೋರಿಗೆ ಇದರ ಬೆಲೆ ಗೊತ್ತು. ಯೋಜನೆ ಸರಿಯೋ ತಪ್ಪೋ ಅಂತ ಇಲ್ಲಿ ಜಗಳ ಬೇಡ, ದಯವಿಟ್ಟು. ನಾನು ಹೇಳಹೊರಟಿದ್ದು ಕಂಡಕ್ಟರ್ ಒಬ್ಬರ ಬಗ್ಗೆ. ಮಗನ ಕಾಲಿಗೆ ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿರುತ್ತೇವೆ. ಅದರ ಮೇಲೆ ಒಂದು ಸೈಜು ದೊಡ್ಡ ಶೂ. ಅವನನ್ನು ಎತ್ತಿಕೊಂಡು ಹತ್ತುವುದು ನಿಧಾನ. ಈ ಕಂಡಕ್ಟರ್ ಏನೂ ಮಾತಾಡಲ್ಲ, ಪಾಪ ಅನ್ನಲ್ಲ, ಏನಾಗಿದೆ ಅಂತ ಕೇಳಲ್ಲ. ನಾನು ಕೂತು ಅವನನ್ನು ಸರಿಯಾಗಿ ಕೂರಿಸಿಕೊಳ್ಳೋವರೆಗೂ ವಿಸಿಲ್ ಊದಲ್ಲ. ಅಷ್ಟೇ. ಕೂತ ಮೇಲೆ ಮಗನ ಕಡೆ ನೋಡಿ, "ಏನ್ ಸಾರ್, ರೈಟ್ ಹೇಳ್ಲಾ?" ಅಂತಾರೆ. ಇವನು ಬಾಯಿ ಅಗಲಿಸಿ "ಐಟ್" ಅಂತಾನೆ. ಬಸ್ಸು ಹೊರಡುತ್ತೆ. ಬಸ್ಸನ್ನು ಹೊರಡಿಸಿದ್ದು ತಾನೇ ಅಂತ ಅವನ ನಂಬಿಕೆ.

ಇನ್ನು ಸ್ಕೂಲು. ಒಂದು ಖಾಸಗಿ ಶಾಲೆಯವರು "ನಮ್ಮಲ್ಲಿ ಫೆಸಿಲಿಟಿ ಇಲ್ಲ ಮೇಡಂ" ಅಂದರು. ಈಗ ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. "ಅಬ್ಬಾ, ಸೇರಿಸಿಕೊಂಡ್ರಲ್ಲ, ಪುಣ್ಯಾತ್ಮರು" ಅಂತ ಎಷ್ಟು ಜನ ಹೇಳಿದರೋ. ಇಲ್ಲಿ ಮಾತ್ರ ನನ್ನದು ತಕರಾರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಮೊದಲು ಏಳು ಬಗೆಯ ಅಂಗವೈಕಲ್ಯ ಇದ್ದ ಪಟ್ಟಿ ಅದರಲ್ಲಿ 21 ಆಯಿತು, ಸಿಪಿಯೂ ಅದರಲ್ಲಿದೆ. ಶೇಕಡಾ 40ಕ್ಕೆ ಕಮ್ಮಿ ಇಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸೇರಿಸಿಕೊಂಡಿದ್ದು ಉಪಕಾರ ಅಲ್ಲ. ರ‍್ಯಾಂಪು ಹಾಕಿದರೆ ಅದೂ ಉಪಕಾರ ಅಲ್ಲ. (ಇನ್ನೂ ಹಾಕಿಲ್ಲ, ಮೂರು ಮೆಟ್ಟಿಲು ಹಾಗೇ ಇವೆ.) ಇದಕ್ಕೆಲ್ಲ ನಾನು ಕೈಮುಗಿಯುತ್ತಾ ಹೋದರೆ, ನಾಳೆ ಇನ್ನೊಬ್ಬ ತಾಯಿಯೂ ಕೈಮುಗಿದುಕೊಂಡೇ ಹೋಗಬೇಕಾಗುತ್ತೆ.

ಆದರೆ ಬಿಸಿಯೂಟದ ಅಕ್ಕ ಬೇರೆ. ಇವನಿಗೆ ಅಗಿಯೋದು ಕಷ್ಟ ಅಂತ ನಾನು ಒಂದೇ ಒಂದು ಸಲ ಹೇಳಿದ್ದು. ಅವತ್ತಿನಿಂದ ಇವನ ತಟ್ಟೆಯ ಅನ್ನ ಸಾಂಬಾರನ್ನು ಬೇರೆ ಕಿವುಚಿ, ಮೊಟ್ಟೆ ಕೊಟ್ಟ ದಿನ ಮೊಟ್ಟೆಯನ್ನೂ ಹಿಸುಕಿ ಅದಕ್ಕೇ ಕಲಸಿ ಇಡುತ್ತಾರೆ. ಯಾವ ಕಾಯ್ದೆಯಲ್ಲೂ ಇದು ಬರೆದಿಲ್ಲ. ನೂರು ಮಕ್ಕಳ ಸದ್ದಿನ ನಡುವೆ, ಆ ಸಂಬಳಕ್ಕೆ. ಥ್ಯಾಂಕ್ಸ್ ಅಂದರೆ, "ಅಯ್ಯೋ ಬಿಡಿ ಅಕ್ಕ, ನಮ್ಮನೇಲಿ ಮಕ್ಕಳಿಗೆ ಕಲಸಲ್ವಾ" ಅಂತಾರೆ. ಹಬ್ಬಕ್ಕೆ ಹೋಳಿಗೆ ಮಾಡಿದಾಗ ಮೊದಲ ಡಬ್ಬಿ ಅವರಿಗೆ.

ಚಿಕ್ಕವಳು ಹನ್ನೊಂದನೇ ತಿಂಗಳಿಗೇ ನಡೆದುಬಿಟ್ಟಳು. ಆವತ್ತು ಮನೆಯವರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ, ಆಮೇಲೆ ಯಾರಿಗೂ ಕಾಣದ ಹಾಗೆ ಹೋಗಿ ಈರುಳ್ಳಿ ಹೆಚ್ಚಿದೆ. ಹುಳಿಗೆ ಈರುಳ್ಳಿ ಬೇಕಿರಲಿಲ್ಲ. ದೊಡ್ಡವನು ಚಾಪೆ ಮೇಲೆ ಮಲಗಿಕೊಂಡೇ ತಂಗಿ ಅತ್ತಿತ್ತ ಓಡಾಡೋದನ್ನು ನೋಡಿ ಕೇಕೆ ಹಾಕುತ್ತಿದ್ದ. ಅವನಿಗೆ ಅಸೂಯೆ ಇರಲಿಲ್ಲ. ಲೆಕ್ಕ ಹಾಕುತ್ತಿದ್ದವಳು ನಾನು.

ಮಲಗುವ ಮುಂಚೆ ದಿನಾ ಮೂರು ಒಳ್ಳೆಯ ಸಂಗತಿ ಬರೆದಿಡಿ ಅಂತ ಯಾರೋ ವಾಟ್ಸಾಪ್ ಗ್ರೂಪಲ್ಲಿ ಹೇಳಿದ್ದರು. ನಾನೂ ಒಂದು ನೋಟ್‌ಬುಕ್ ತಂದೆ. ಮೂರನೇ ದಿನ ಪೆನ್ನು ಹಿಡಿದುಕೊಂಡೇ ನಿದ್ದೆ ಹೋದೆ, ದಿಂಬಿನ ಕವರಿಗೆ ಇಂಕಿನ ಕಲೆ ಆಯಿತು. ಈಗ ಆ ನೋಟ್‌ಬುಕ್ಕಲ್ಲಿ ಹಾಲಿನ ಲೆಕ್ಕ ಇದೆ. ಕೆಲವು ದಿನ ಒಂದು ಸದ್ಯವೂ ಇರಲ್ಲ, ಅಂಥ ದಿನಗಳಿಗೆ ಬಣ್ಣ ಬಳಿಯೋ ಆಸೆಯೂ ನನಗಿಲ್ಲ.

ಜುಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಚಿಕ್ಕವಳು ಅಣ್ಣನ ಹತ್ತಿರಕ್ಕೇ ಹೋಗಲಿಲ್ಲ. ಜುಟ್ಟೇ ಬೇಡ ಅಂತ ಕೂದಲು ಕೆದರಿಕೊಂಡು ಓಡಾಡಿದಳು. ನಿನ್ನೆ ಸಂಜೆ ಅವನಿಗೆ ಬಾಟಲಿ, ಕಡಲೆಕಾಳು ಕೊಟ್ಟು ಕೂರಿಸಿದ್ದೆ. ಎಂದಿನ ಹಾಗೆ ಅವನು ಫ್ಯಾನ್ ನೋಡುತ್ತಾ ಕೂತಿದ್ದ. ಇವಳು ಬಾಚಣಿಗೆ, ಕೆಂಪು ರಬ್ಬರ್‌ಬ್ಯಾಂಡು ತಂದು ಜುಟ್ಟು ಹಾಕು ಅಂದಳು. ಹಾಕಿದೆ. ಸೀದಾ ಹೋಗಿ ಬಾಟಲಿ ಪಕ್ಕಕ್ಕೆ ಸರಿಸಿ, ಅವನ ಎದುರು ತಲೆ ಬಗ್ಗಿಸಿ ಕೂತಳು.

"ಅಣ್ಣಾ, ಎಳಿ. ಮೆಲ್ಲಗೆ ಎಳೀಬೇಕು ಆಯ್ತಾ? ಅಮ್ಮಾ, ನೀನು ಚಪ್ಪಾಳೆ ಹೊಡಿ."

ಅವನು ಎಳೆಯಲಿಲ್ಲ. ಮುಷ್ಟಿಯನ್ನು ಹಾಗೇ ಅವಳ ತಲೆ ಮೇಲೆ ಇಟ್ಟುಕೊಂಡು ನಗುತ್ತಾ ಕೂತ.