ಡಾಕ್ಟರ್ ಬೇಡ ಅಂದದ್ದನ್ನೇ ರೇಷನ್ ಕೊಡುತ್ತದೆ

ಪುಣೆಯ ನಮ್ಮ ಸೊಸೈಟಿಯ ವಾಚ್‌ಮನ್ ಅಫಜಲಪುರದ ಕಡೆಯವರು. ಅವರ ಹೆಂಡತಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಮೊನ್ನೆ ಆಕೆ ಔಷಧಿ ಚೀಟಿ ಹಿಡಿದು ಬಂದಿದ್ದರು. "ಅಣ್ಣಾರ, ಡಾಕ್ಟರ್ ಅನ್ನ ಕಡಿಮಿ ಮಾಡು ಅಂತಾರ. ರೇಷನ್‌ನಾಗ ಅದನ್ನೇ ಕೊಡ್ತಾರ. ನಾ ಯಾರ ಮಾತು ಕೇಳ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ.

ಊರಿನ ರೇಷನ್ ಕಾರ್ಡ್ ಇಲ್ಲೂ ನಡೆಯುತ್ತದೆ. ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, 2023ರಿಂದ ಪುಕ್ಕಟೆ. ಆದರೆ ಬರುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ಸೇರಿಸುವ ಹೆಚ್ಚಿನ ಪಾಲು ಗಡಿ ದಾಟುವುದಿಲ್ಲ. ಕರ್ನಾಟಕದಲ್ಲಿ ಉತ್ತರದವರಿಗೆ ಜೋಳ, ದಕ್ಷಿಣದವರಿಗೆ ರಾಗಿ ಕೊಟ್ಟದ್ದುಂಟು. ಊಟ ಊರಿಗೊಂದು ಥರ ಅನ್ನುವುದನ್ನು ಅಷ್ಟಾದರೂ ಒಪ್ಪಿದ್ದಾರೆ. ರೋಗಕ್ಕೊಂದು ಥರ ಅನ್ನುವುದನ್ನು ಮಾತ್ರ ಅಲ್ಲೂ ಒಪ್ಪಿಲ್ಲ, ಇಲ್ಲೂ ಒಪ್ಪಿಲ್ಲ.

ಕ್ಷಯದವರ ಕಥೆ ಬೇರೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಔಷಧಿ ನಡೆಯುವಷ್ಟು ದಿನ ಊಟದ ಖರ್ಚಿಗೆಂದು ಬ್ಯಾಂಕ್ ಖಾತೆಗೆ ದುಡ್ಡು ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1000 ಆಗಿದೆ. ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಮಾತ್ರೆ ಒಂದೇ ಸಾಲದು ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯಿತಲ್ವಾ? ಹಾಗಾದರೆ ಕಿಡ್ನಿ ಕೆಟ್ಟವರ, ಸಕ್ಕರೆ ಕಾಯಿಲೆಯವರ ತಟ್ಟೆ ಯಾಕೆ ಕಾಣುವುದಿಲ್ಲ?

ಮಹಾರಾಷ್ಟ್ರದಲ್ಲಿ ಸಂಜಯ್ ಗಾಂಧಿ ನಿರಾಧಾರ ಯೋಜನೆ ಇದೆ. ಕ್ಯಾನ್ಸರ್, ಏಡ್ಸ್‌ನಂಥ ದೊಡ್ಡ ಕಾಯಿಲೆಯವರಿಗೂ ತಿಂಗಳಿಗೆ 1500 ರೂಪಾಯಿ ಕೊಡುತ್ತಾರೆ. ಆದರೆ ಮನೆಯ ವರ್ಷದ ಆದಾಯ 21,000 ದಾಟಬಾರದಂತೆ. ವರ್ಷದ್ದು ಮತ್ತೆ, ತಿಂಗಳದ್ದಲ್ಲ! ನಮ್ಮ ವಾಚ್‌ಮನ್ ಎರಡೇ ತಿಂಗಳಲ್ಲಿ ಅದನ್ನು ದಾಟುತ್ತಾರೆ.

ಕೆನಡಾದ ಒಂಟಾರಿಯೊದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಸರ್ಕಾರದ ನೆರವಿನ ಮೇಲೆ ಬದುಕುವವರಿಗೆ ಪಥ್ಯದ ಊಟ ಬೇಕಿದ್ದರೆ, ಡಾಕ್ಟರ್ ಫಾರಂಗೆ ಸಹಿ ಹಾಕಬೇಕು. ಯಾವ ಕಾಯಿಲೆಗೆ ಎಷ್ಟು ಅಂತ ಪಟ್ಟಿ ಇದೆ. ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 250 ಡಾಲರ್. ಅಲ್ಲೂ ಎಲ್ಲ ನೆಟ್ಟಗಿಲ್ಲ. ಬಡವರ ಪರ ಹೋರಾಡುವವರು ಕ್ಯಾಂಪ್ ಹಾಕಿ ಗುಂಪುಗುಂಪಾಗಿ ಫಾರಂ ತುಂಬಿಸಿದರು. ಸರ್ಕಾರ 2005ರಲ್ಲಿ ನಿಯಮ ಬಿಗಿ ಮಾಡಿತು. ನೆರವಿನ ದುಡ್ಡು ಹೊಟ್ಟೆಗೇ ಸಾಲದಿದ್ದಾಗ ಜನ ಸಿಕ್ಕ ಬಾಗಿಲು ತಟ್ಟುತ್ತಾರೆ. ನನಗೇನೂ ಅದು ಮೋಸ ಅನಿಸುವುದಿಲ್ಲ.

ಅಷ್ಟು ದುಡ್ಡು ನಮ್ಮಲ್ಲಿ ಆಗದ ಮಾತು, ಒಪ್ಪುತ್ತೇನೆ. ಸರ್ಕಾರಿ ಆಸ್ಪತ್ರೆಯ ಚೀಟಿ ತೋರಿಸಿದವರಿಗೆ ಒಂದಿಷ್ಟು ಅಕ್ಕಿ ತೆಗೆದು ಜೋಳ, ಬೇಳೆ ಕೊಡಲಿ. ಜೋಳವನ್ನೂ ಅಳತೆಯಲ್ಲೇ ತಿನ್ನಬೇಕು, ಅದೇನು ಔಷಧಿಯಲ್ಲ. ಬೇಳೆ, ಪಲ್ಯ ಜೊತೆಗಿದ್ದರೇನೇ ಪಥ್ಯ. ಅಫಜಲಪುರದವರಿಗೆ ಒಂದೂವರೆ ರೊಟ್ಟಿಗೆ ಸಾಕು ಅನ್ನುವುದು ಸುಲಭ. ಅನ್ನ ಒಂದೂವರೆ ಹಿಡಿ ಉಂಡು ಏಳು ಅಂದರೆ ಆದೀತೇ? ಜೋಳವನ್ನು ದೂರದಿಂದ ತರುವ ಕಷ್ಟವೂ ಇಲ್ಲ. ಮಂಗಳವೇಢೆ ಇರುವುದು ಇದೇ ರಾಜ್ಯದ ಸೊಲ್ಲಾಪುರ ಜಿಲ್ಲೆಯಲ್ಲಿ. ಅಲ್ಲಿನ ಜೋಳಕ್ಕೆ ಜಿಐ ಪಟ್ಟವೂ ಇದೆ, ಅಂದರೆ ಇದು ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು.

ಈಗ ಆ ಅಕ್ಕ ತನ್ನ ದಾರಿ ತಾನೇ ಕಂಡುಕೊಂಡಿದ್ದಾರೆ. ರೇಷನ್ ಅಕ್ಕಿಯನ್ನು ಕಿರಾಣಿ ಅಂಗಡಿಯವನಿಗೆ ಕೊಟ್ಟು ಜೋಳ ತರುತ್ತಾರೆ. ಮೂರು ಕೆಜಿಗೆ ಒಂದು ಕೆಜಿ. ರೇಷನ್ ಮಾರಬಾರದು ಅಂತ ಗಂಡ ಹೆದರಿಸುತ್ತಾರಂತೆ. "ಹೆದರ್ಕೊಂಡ್ರ ಸಕ್ರಿ ಇಳೀತದೇನ್ರಿ?" ಅಂತ ನನ್ನನ್ನೇ ಕೇಳಿದರು.