ವಾಟ್ಸನ್ ಸತ್ತನಂತೆ, ಮುಂದಿನ ಭಾನುವಾರ ಏಳುತ್ತಾನಂತೆ

ಬಿಬಿಸಿಯ ಪತ್ತೇದಾರಿ ಟೀವಿ ಸರಣಿ ‘ಷರ್ಲಾಕ್’ನ ನಾಲ್ಕನೇ ಸೀಸನ್ನಿನ ಎರಡನೇ ಎಪಿಸೋಡು ನೆನಪಿದೆಯಲ್ಲ? 2017ರ ಜನವರಿ 8, ಭಾನುವಾರ. ಕಡೆಯದಕ್ಕಿಂತ ಒಂದು ಹಿಂದಿನದು. ಕೊನೇ ಗಳಿಗೆಯಲ್ಲಿ ಷರ್ಲಾಕನ ತಂಗಿ ಯೂರಸ್ ನಮ್ಮ ವಾಟ್ಸನ್ ಡಾಕ್ಟರ ಕಡೆಗೆ ಪಿಸ್ತೂಲು ಹಿಡಿದು ಢಂ ಅನ್ನಿಸಿದಳು. ಮುಗೀತು. ವಾರವಿಡೀ ಅಭಿಮಾನಿಗಳಿಗೆ ಅನ್ನ ಸೇರಲಿಲ್ಲ. ಮುಂದಿನ ಭಾನುವಾರ ನೋಡಿದರೆ ವಾಟ್ಸನ್ ಗುಂಡುಕಲ್ಲಿನ ಹಾಗೆ ಕೂತಿದ್ದಾನೆ! ಅವಳು ಹಾರಿಸಿದ್ದು ಗುಂಡಲ್ಲವಂತೆ, ಅರಿವಳಿಕೆಯಂತೆ. ಊರಿಗೆ ನುಗ್ಗಿದ ಚಿರತೆಗೆ ಅರಣ್ಯ ಇಲಾಖೆಯವರು ಹೊಡೀತಾರಲ್ಲ, ಆ ಜಾತಿಯದು.

ಯೂರಸ್ ಮಹಾ ಪ್ರತಿಭಾವಂತೆ, ಒಪ್ಪಿಕೊಳ್ಳೋಣ. ಬಸ್ಸಿನಲ್ಲಿ ವಾಟ್ಸನ್‌ಗೆ ಕಣ್ಣು ಹೊಡೆದವಳೂ ಅವಳೇ, ಅವನ ದುಃಖ ಕೇಳುವ ಮನಶ್ಶಾಸ್ತ್ರಜ್ಞೆಯೂ ಅವಳೇ, ಷರ್ಲಾಕನ ಮನೆಗೆ ಊರುಗೋಲು ಹಿಡಿದು ಬಂದವಳೂ ಅವಳೇ. ಎದುರಿಗೆ ಬಂದವರ ಬಟ್ಟೆಯ ಮಡಿಕೆ ನೋಡಿ ಜಾತಕ ಹೇಳುವ ಪತ್ತೇದಾರ ರಾತ್ರಿಯಿಡೀ ಅವಳ ಜೊತೆ ಲಂಡನ್ ಸುತ್ತಿ ಚಿಪ್ಸ್ ತಿಂದ, ಒಡಹುಟ್ಟಿದವಳು ಅಂತ ಗೊತ್ತಾಗಲಿಲ್ಲ. ನಮ್ಮ ಧಾರಾವಾಹಿಯಲ್ಲಿ ಸೊಸೆ ಕನ್ನಡಕ ಹಾಕಿಕೊಂಡ ಕೂಡಲೇ ಗಂಡನಿಗೆ ಗುರುತು ಹತ್ತದಿದ್ದರೆ ನಾವು ಬಿದ್ದು ಬಿದ್ದು ನಗುತ್ತೇವೆ. ಬಿಬಿಸಿಯವರು ಮಾಡಿದರೆ ಅದು ಕಥನ ಕೌಶಲ. ಆ ಎಪಿಸೋಡಿನಲ್ಲಿ ತಲೆ ನೆಟ್ಟಗಿದ್ದದ್ದು ಷರ್ಲಾಕನ ಮನೆಯೊಡತಿ ಮಿಸೆಸ್ ಹಡ್ಸನ್ ಒಬ್ಬರಿಗೇ. ಷರ್ಲಾಕನಿಗೆ ಬೇಡಿ ಹಾಕಿ, ಡಿಕ್ಕಿಯಲ್ಲಿ ತುಂಬಿಕೊಂಡು, ಕೆಂಪು ಆಸ್ಟನ್ ಮಾರ್ಟಿನ್ ಕಾರನ್ನು ಹಾಗೆ ಓಡಿಸಿಕೊಂಡು ಬಂದ ಆ ಅಜ್ಜಿಗೆ ಒಂದು ಇಡೀ ಸೀಸನ್ ಕೊಡಬೇಕಿತ್ತು.

ಅಷ್ಟು ತಮಾಷೆ ಸಾಕು. ಆ ಎಪಿಸೋಡಿನ ಖಳ ಯಾರು? ಕಲ್ವರ್ಟನ್ ಸ್ಮಿತ್. ಸಿರಿವಂತ, ದಾನಿ, ಟೀವಿಯಲ್ಲಿ ನಗುವ ಮುಖ. ತಾನೇ ದುಡ್ಡು ಕೊಟ್ಟ ಆಸ್ಪತ್ರೆಯ ಕೀಲಿಗೊಂಚಲು ಜೇಬಿನಲ್ಲಿಟ್ಟುಕೊಂಡು ರೋಗಿಗಳನ್ನು ಕೊಲ್ಲುವವನು. ಇಂಗ್ಲೆಂಡಿನವರಿಗೆ ಇದು ಯಾರ ನೆರಳು ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಜಿಮ್ಮಿ ಸ್ಯಾವಿಲ್. ಬಿಬಿಸಿಯ ಮುದ್ದಿನ ನಿರೂಪಕ, ಆಸ್ಪತ್ರೆಗಳಿಗೆ ಚಂದಾ ಎತ್ತಿದ ಪುಣ್ಯಾತ್ಮ, ‘ಸರ್’ ಪದವಿ ಬೇರೆ. 2011ರಲ್ಲಿ ಗೌರವದಿಂದಲೇ ಸತ್ತ. ಮರುವರ್ಷ ಸತ್ಯ ಹೊರಬಂತು. ಬಿಬಿಸಿಯ ಕೆಲಸದ ನೆಪದಲ್ಲೇ 72 ಜನರ ಮೇಲೆ ಅವನು ಲೈಂಗಿಕ ದೌರ್ಜನ್ಯ ಎಸಗಿದ್ದ ಎಂದು ಬಿಬಿಸಿಯೇ ನೇಮಿಸಿದ್ದ ಜಾನೆಟ್ ಸ್ಮಿತ್ ತನಿಖೆಯ ವರದಿ ಹೇಳಿದ್ದು 2016ರ ಫೆಬ್ರವರಿಯಲ್ಲಿ. ವರ್ಷ ತುಂಬುವ ಮೊದಲೇ ಅದೇ ಬಿಬಿಸಿಯಲ್ಲಿ ಇಂಥ ಕಥೆ! ಕಲ್ವರ್ಟನ್ ಆಗಿ ಟೋಬಿ ಜೋನ್ಸ್ ನಟನೆ ನೋಡಿದರೆ ಮೈ ಜುಮ್ಮೆನ್ನುತ್ತದೆ. ಇಷ್ಟು ದೂರ ಬಂದು, ಕೊನೆಯ ಎರಡು ನಿಮಿಷಕ್ಕೆ ತಂಗಿಯ ಕೈಗೆ ಪಿಸ್ತೂಲು ಕೊಟ್ಟು ಎಲ್ಲವನ್ನೂ ಒರೆಸಿ ಹಾಕಿದರು. ಮಾರನೆಯ ದಿನ ಜನ ಕೇಳಿದ್ದು ಒಂದೇ ಪ್ರಶ್ನೆ: ವಾಟ್ಸನ್ ಬದುಕಿದ್ದಾನಾ? ಕಣ್ಣೆದುರೇ ನಡೆದದ್ದನ್ನು ದಶಕಗಟ್ಟಲೆ ಯಾಕೆ ಯಾರೂ ನೋಡಲಿಲ್ಲ ಅನ್ನುವ ಪ್ರಶ್ನೆಗೆ ಪುರಸೊತ್ತಿರಲಿಲ್ಲ. ಸಿಟ್ಟು ಬರುತ್ತದೆ ಕಣ್ರೀ, ಏನು ಮಾಡುವುದು.

ಇನ್ನು ಕೊನೆಯ ಎಪಿಸೋಡು. ನಾವು ಎಳ್ಳು ಬೀರುತ್ತಿದ್ದ ಸಂಕ್ರಾಂತಿಯ ದಿನವೇ ಅದು ರಷ್ಯನ್ ಡಬ್ಬಿಂಗಿನಲ್ಲಿ ಇಂಟರ್ನೆಟ್ಟಿಗೆ ಸೋರಿತು. ಮರುದಿನ ಇಂಗ್ಲಿಷಿನಲ್ಲಿ ನೋಡಿದವರಿಗೂ ಹೆಚ್ಚೇನೂ ಅರ್ಥವಾಗಲಿಲ್ಲ. ಮೊದಲ ವಾರ ಸುಮಾರು 81 ಲಕ್ಷ ಇದ್ದ ಪ್ರಸಾರದ ರಾತ್ರಿಯ ವೀಕ್ಷಕರು 59 ಲಕ್ಷಕ್ಕೆ ಇಳಿದರು. ಉಳಿದ ಭಕ್ತರಲ್ಲಿ ಕೆಲವರು ಷರ್ಲಾಕನೇ ನಾಚುವಂಥ ತರ್ಕ ಹೂಡಿದರು: ಕೊನೆಯದು ಇಷ್ಟು ಕೆಟ್ಟದಾಗಿದೆ, ಆದ್ದರಿಂದ ಇದು ಕೊನೆಯದಲ್ಲ! ಇನ್ನೊಂದು ಗುಪ್ತ ಎಪಿಸೋಡು ಇದೆ, ಇದು ಬರೀ ಅದರ ಹಿಂದಿನದು. ಸಾಕ್ಷಿ? ಆ ಎರಡನೇ ಎಪಿಸೋಡಿನಲ್ಲಿ ಕಲ್ವರ್ಟನ್ ಷರ್ಲಾಕನ ಕೋಟಿನಲ್ಲಿ ಮೂರು ರೆಕಾರ್ಡರ್ ಹುಡುಕಿ ಬೀಗುತ್ತಾನೆ. ನಾಲ್ಕನೆಯದು ವಾಟ್ಸನ್ನನ ಹಳೇ ಊರುಗೋಲಿನೊಳಗೆ ಇರುತ್ತದೆ. ಮೂರು ಸಿಕ್ಕಿದ ಮೇಲೆ ಜನ ಹುಡುಕುವುದನ್ನು ಬಿಡುತ್ತಾರೆ ಅನ್ನುತ್ತಾನೆ ಷರ್ಲಾಕ್. ಮೂರು ಎಪಿಸೋಡು ಆಯಿತಲ್ಲ, ಇನ್ನೇನು ಬೇಕು!

ಇವರನ್ನು ಹುಚ್ಚರೆಂದು ನಗಲು ಮನಸ್ಸು ಬಾರದು. ಹುಚ್ಚು ಹಿಡಿಸಿದವರು ಬೇರೆ. 2012ರ ಜನವರಿಯಲ್ಲಿ ಷರ್ಲಾಕನನ್ನು ಆಸ್ಪತ್ರೆಯ ಮಾಳಿಗೆಯಿಂದ ಬೀಳಿಸಿದರು. ಹೇಗೆ ಬದುಕಿದ ಅಂತ ಜನ ಎರಡು ವರ್ಷ ತಲೆ ಕೆರೆದುಕೊಂಡರು. 2014ರ ಹೊಸ ವರ್ಷದ ದಿನ ಒಂದಲ್ಲ, ಮೂರು ಉತ್ತರ ಕೊಟ್ಟು, ಕಾದವರನ್ನೇ ಗೇಲಿ ಮಾಡಿದರು. ಕೊನೆಯ ಉತ್ತರ ಕೇಳಿ ಪರದೆಯ ಮೇಲೆ ಇದೇ ಒಗಟಿಗೆ ತಲೆ ಕೆಡಿಸಿಕೊಂಡಿದ್ದ ಆಂಡರ್ಸನ್ ಎಂಬ ಪಾತ್ರವೇ ಮುಖ ಸಪ್ಪಗೆ ಮಾಡಿತು. ಕಂಡದ್ದನ್ನು ನಂಬಬೇಡಿ ಎಂದು ವರ್ಷಗಟ್ಟಲೆ ಪಾಠ ಮಾಡಿದ ಮೇಲೆ ಶಿಷ್ಯರು ಪ್ರಸಾರದ ವೇಳಾಪಟ್ಟಿಯನ್ನೂ ನಂಬದೇ ಹೋದರೆ ಮೇಷ್ಟ್ರು ಯಾಕೆ ಬೆಚ್ಚಬೇಕು?

ಜನವರಿ 22ರ ಭಾನುವಾರ ರಾತ್ರಿ ಬಿಬಿಸಿ ಒನ್‌ನಲ್ಲಿ ‘ಆಪಲ್ ಟ್ರೀ ಯಾರ್ಡ್’ ಎಂಬ ಹೊಸ ಸರಣಿ ಶುರುವಾಗುವುದಿತ್ತು. ಅದು ಸುಳ್ಳು ಹೆಸರು, ಒಳಗೆ ಷರ್ಲಾಕನೇ ಇರುವುದು ಅಂತ ಇವರೆಲ್ಲ ಟೀವಿ ಮುಂದೆ ಕೂತರು. ಸರಣಿ ಶುರುವಾಯಿತು. ಅದು ನಿಜಕ್ಕೂ ‘ಆಪಲ್ ಟ್ರೀ ಯಾರ್ಡ್’ ಆಗಿತ್ತು. ಆದರೂ ಬಿಬಿಸಿ ಪೂರ್ತಿ ಮೋಸ ಮಾಡಲಿಲ್ಲ, ವಾಟ್ಸನ್ ಬಂದೇ ಬಂದರು. ನಾಯಕಿಯ ಪಾತ್ರದಲ್ಲಿ, ಎಮಿಲಿ ವಾಟ್ಸನ್.